ಮಡಿಲಲ್ಲಿ ಪಾರೋ, ಪಕ್ಕದಲ್ಲಿ ನಾನು

ಮರೆವಿನ ಕಾಯಿಲೆ ಇರುವ ಹಿರಿಯರ ಆರೈಕೆ ನನ್ನ ಕೆಲಸ. ನಮ್ಮಲ್ಲಿಗೆ ಪಾರೋ ಬಂದಾಗ ಅದನ್ನು ಯಾರ ಕೈಗೆ, ಯಾವಾಗ ಕೊಡಬೇಕೆಂದು ನೋಡುವ ಹೊಣೆ ನನಗೆ ಬಿತ್ತು. ಪಾರೋ ಅಂದರೆ ಬಿಳಿ ತುಪ್ಪಳದ ಸೀಲ್ ಮರಿಯಂತಿರುವ ರೋಬೋಟ್. ಜಪಾನಿನ ತಕನೋರಿ ಶಿಬಾಟ 1993ರಿಂದ ರೂಪಿಸುತ್ತ ಬಂದದ್ದು. ಸವರಿದರೆ, ಕರೆದರೆ ಕತ್ತು ತಿರುಗಿಸಿ ರೆಪ್ಪೆ ಬಡಿಯುತ್ತದೆ, ಮರಿಯ ಹಾಗೆ ಕೂಗುತ್ತದೆ. ನಾಯಿ, ಬೆಕ್ಕು ಬಿಟ್ಟು ಸೀಲ್ ಯಾಕೆ? ಬೆಕ್ಕು ಸಾಕಿದವರಿಗೆ ಯಂತ್ರದ ಬೆಕ್ಕಿನಲ್ಲಿ ಕೊರತೆಗಳೇ ಕಾಣುತ್ತವೆ. ಸೀಲ್ ಮರಿಯನ್ನು ಎತ್ತಿ ಆಡಿಸಿದವರು ಎಷ್ಟು ಜನ?

ನಾನು ಅದನ್ನು ನೇರವಾಗಿ ಮಡಿಲಿಗೆ ಹಾಕುವುದಿಲ್ಲ. ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತು ನಾನೇ ಸವರುತ್ತೇನೆ. ಅವರ ಕೈ ಮುಂದೆ ಬಂದರೆ ಮಾತ್ರ ಹತ್ತಿರಕ್ಕೆ ಸರಿಸುವುದು. ಮುಖ ತಿರುಗಿಸಿದರೆ ಎತ್ತಿಕೊಂಡು ಹೋಗುವುದು. ಸುಮಾರು 2.7 ಕಿಲೋ ತೂಕವಿದೆ, ಕೂಸಿನಷ್ಟು. ಆ ಭಾರ ಮಡಿಲಿಗೆ ಬಿದ್ದಾಗ ತೋಳುಗಳು ತಾವಾಗಿ ಬಳಸಿಕೊಳ್ಳುವುದನ್ನು ನೋಡಿದ್ದೇನೆ. ಸಂಜೆಯ ಚಡಪಡಿಕೆ ಶುರುವಾಗುವ ಸ್ವಲ್ಪ ಮೊದಲು ಕೊಟ್ಟರೆ ಒಳ್ಳೆಯದು. ಗದ್ದಲದ ಊಟದ ಕೋಣೆ ಬೇಡ. ಅಲ್ಲಿ ಅದು ಎಲ್ಲರ ಸದ್ದಿಗೂ ತಿರುಗುತ್ತದೆ, ಎತ್ತಿಕೊಂಡವರಿಗೆ ಗಲಿಬಿಲಿ.

“ಇದಕ್ಕೆ ಜೀವ ಇದೆಯಾ?” ಎಂದು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. “ಇಲ್ಲ ಅಜ್ಜಿ, ಬ್ಯಾಟರಿಯಲ್ಲಿ ನಡೆಯೋದು” ಅಂದದ್ದಕ್ಕೆ ಒಬ್ಬರು, “ಗೊತ್ತಮ್ಮ, ಆದ್ರೂ ಪಾಪ, ಚಳಿ ಆಗ್ತಿರಬೇಕು” ಎಂದು ಶಾಲು ಹೊದಿಸಿದರು. ಯಂತ್ರವೆಂದು ಗೊತ್ತಿರುವುದಕ್ಕೂ ಮರುಕಕ್ಕೂ ಜಗಳವೇ ಇಲ್ಲ. 1966ರ ಎಲೈಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂ, ನಾವು ಟೈಪ್ ಮಾಡಿದ ಮಾತಿಗೆ ಬರೀ ಅಕ್ಷರಗಳಲ್ಲಿ ಉತ್ತರಿಸುತ್ತಿತ್ತು. ಅದನ್ನು ಬರೆದ ವಿಜ್ಞಾನಿ ವೈಜೆನ್‌ಬಾಮ್. ಅದು ತಯಾರಾದದ್ದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಾಡುವಾಗ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಹೇಳಿದ್ದರಂತೆ!

ಎಲ್ಲರಿಗೂ ಒಗ್ಗುವುದಿಲ್ಲ. “ನನ್ನನ್ನೇನು ಮಗು ಅಂದ್ಕೊಂಡ್ರಾ?” ಎಂದು ಸಿಡುಕಿದ ತಾತನಿಗೆ ಮತ್ತೆ ಮಡಿಲಿಗೆ ಕೊಡಲು ಹೋಗಲಿಲ್ಲ. ಆದರೆ ಅದರ ಮೋಟಾರು ಎಲ್ಲಿದೆ, ಮುಟ್ಟಿದ್ದು ಹೇಗೆ ತಿಳಿಯುತ್ತದೆ ಎಂದು ಅವರು ಕೇಳಿದ್ದಕ್ಕೆ ಉತ್ತರಿಸುತ್ತ ಕೂತೆ. ಅವತ್ತು ಅವರು ಆಡಿದಷ್ಟು ಮಾತು ವಾರವಿಡೀ ಆಡಿರಲಿಲ್ಲ.

“ಅಮ್ಮನಿಗೆ ಗೊಂಬೆ ಕೊಟ್ಟು ಕೂರಿಸಿದ್ದೀರಾ?” ಎಂದ ಮಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಪಾರೋವನ್ನು ಕೊಟ್ಟು ನಾನು ಎದ್ದು ಹೋದರೆ ಆಕೆಯ ಮಾತು ನಿಜವೇ. ಹಾಗಾಗಿ ಪಕ್ಕದಲ್ಲಿ ಒಬ್ಬರಿಲ್ಲದೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದೇನೆ, ಸಿಬ್ಬಂದಿ ಕಡಿಮೆಯಿದ್ದ ದಿನ ಕೂಡ. ಆ ಮಗಳನ್ನೇ ಜೊತೆಗೆ ಕೂರಿಸಿದೆ. ತಾಯಿ ಅವಳ ಬಾಲ್ಯದ ಮಾತು ತೆಗೆದರು, ಪಾರೋ ಮಧ್ಯದಲ್ಲಿ ಉಳಿಯಿತು.

ಇನ್ನು ಅಗಲಿಕೆ. ಜೀಬೋ ಎಂಬ ಮನೆ ರೋಬೋಟ್ 2019ರಲ್ಲಿ, ತನ್ನನ್ನು ನಡೆಸುವ ಕಂಪನಿಯ ಕಂಪ್ಯೂಟರ್ (ಸರ್ವರ್) ನಿಲ್ಲುತ್ತದೆಂದು ತಾನೇ ಮಾಲೀಕರಿಗೆ ತಿಳಿಸಿ ವಿದಾಯ ಹೇಳಿತ್ತು. ಪಾರೋ ಕೂಡ ಒಂದು ದಿನ ಕೆಡುತ್ತದೆ. ಅದಕ್ಕೇ ಯಾರಿಗೂ ಅದನ್ನು “ನಿಮ್ಮದು” ಎನ್ನುವುದಿಲ್ಲ. ಅದರ ಚಾರ್ಜರ್ ಮಗು ಚೀಪುವ ನಿಪ್ಪಲ್‌ನಂತಿದೆ, ಬಾಯಿಗೇ ಇಡಬೇಕು. ತೆಗೆದುಕೊಂಡು ಹೋಗುವ ಮೊದಲು “ಇದಕ್ಕೆ ಚಾರ್ಜ್ ಬೇಕು” ಎಂದು ಹೇಳಿ, ಆ ಕೆಲಸವನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ.