ಮಾರ್ಟಿನ್ ಆಕ್ಸಿಯಮ್ ಬಳಸುವ ಮುನ್ನ ಬಾಲ ಹಿಡಿಯಿರಿ

ಒಂದಕ್ಕೊಂದು ತಾಗದ (ಅಂದರೆ ಒಂದು ಬಿಂದುವನ್ನೂ ಹಂಚಿಕೊಳ್ಳದ), ಖಾಲಿಯಲ್ಲದ ತೆರೆದ ಗಣಗಳನ್ನು ಹೇಗೇ ಆರಿಸಿದರೂ ಅವು ಎಣಿಸಬಹುದಾದಷ್ಟೇ ಇದ್ದರೆ ಆ ಟೊಪಾಲಜಿಕಲ್ ಸ್ಪೇಸನ್ನು ಸಿಸಿಸಿ ಅನ್ನುತ್ತಾರೆ. ಅಂಥ ಎರಡು ಸ್ಪೇಸ್‌ಗಳ ಗುಣಲಬ್ಧವೂ ಸಿಸಿಸಿಯೇ? ಬರೀ ಜೆಡ್‌ಎಫ್‌ಸಿ (ಗಣಸಿದ್ಧಾಂತದ ಮಾಮೂಲಿ ಆಕ್ಸಿಯಮ್‌ಗಳು) ಇಟ್ಟುಕೊಂಡರೆ ಹೌದು ಅಂತಲೂ ತೋರಿಸಲಾಗದು, ಇಲ್ಲ ಅಂತಲೂ ತೋರಿಸಲಾಗದು. ಮಾರ್ಟಿನ್ ಆಕ್ಸಿಯಮ್ ಎಂಬ ಹೆಚ್ಚುವರಿ ಆಕ್ಸಿಯಮ್‌ನ ಸರಿಯಾದ ರೂಪ ಇದ್ದರೆ ಒಂದೇ ಪುಟದ ಕೆಲಸ. ಆ ಒಂದು ಪುಟವನ್ನೇ ವಿದ್ಯಾರ್ಥಿಗಳು ಕೆಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಸಲಕರಣೆ. ನಮಗೆ ಬೇಕಾದ್ದು ಆಲೆಫ್-1 ರೂಪ (ಆಲೆಫ್-1 ಅಂದರೆ ಎಣಿಸಲಾಗದ ಗಾತ್ರಗಳಲ್ಲಿ ಅತಿ ಚಿಕ್ಕದು): ಸಿಸಿಸಿ ಆಗಿರುವ ಪೋಸೆಟ್‌ನಲ್ಲಿ ಆಲೆಫ್-1 ಡೆನ್ಸ್ ಗಣಗಳನ್ನು ಕೊಟ್ಟರೆ, ಅಷ್ಟನ್ನೂ ಮುಟ್ಟುವ ಒಂದು ಫಿಲ್ಟರ್ ಸಿಗುತ್ತದೆ. ಪೋಸೆಟ್ ಅಂದರೆ ಅಂಶಗಳ ನಡುವೆ ಭಾಗಶಃ ಕ್ರಮವಿರುವ ಗಣ. ಕೆಳಗೆ ಸಾಮಾನ್ಯ ಅಂಶವೇ ಇಲ್ಲದ ಜೋಡಿಗಳಿಂದಾದ ಯಾವ ಗುಂಪೂ ಎಣಿಸಬಹುದಾದಷ್ಟೇ ಇದ್ದರೆ ಅದು ಸಿಸಿಸಿ. ಡೆನ್ಸ್ ಅಂದರೆ ಪೋಸೆಟ್‌ನ ಯಾವ ಅಂಶದ ಕೆಳಗೂ ಆ ಗಣದ ಒಂದು ಅಂಶ ಸಿಗುತ್ತದೆ. ಫಿಲ್ಟರ್ ಅಂದರೆ ಯಾವ ಎರಡು ಅಂಶಗಳ ಕೆಳಗೂ ತನ್ನೊಳಗೇ ಒಂದು ಅಂಶ ಇರುವ, ತನ್ನ ಅಂಶಗಳ ಮೇಲಿನವನ್ನೂ ಒಳಗೊಂಡ ಗಣ. ಕಂಟಿನ್ಯುಯಂ ಹೈಪಾಥಿಸಿಸ್ (ನೈಜ ಸಂಖ್ಯೆಗಳು ಆಲೆಫ್-1ರಷ್ಟೇ ಇವೆ ಎಂಬುದು) ನಿಜವಾದರೆ ಈ ರೂಪ ಸುಳ್ಳು. ಆದ್ದರಿಂದ ಸುಮ್ನೆ ‘ಮಾರ್ಟಿನ್ ಆಕ್ಸಿಯಮ್‌ನಿಂದ’ ಅಂತ ಬರೆಯಬೇಡಿ, ಆಲೆಫ್-1 ಅಂತ ಸೇರಿಸಿ. ಕೆಲವರು ಇಲ್ಲಿಗೇ ಇನ್ನೂ ಬಲವಾದ ಪ್ರಾಪರ್ ಫೋರ್ಸಿಂಗ್ ಆಕ್ಸಿಯಮ್ ತರುತ್ತಾರೆ. ಬೇಡ. ಅದರಲ್ಲಿ ವಿರೋಧಾಭಾಸವಿಲ್ಲ ಅಂತ ತೋರಿಸಲು ಸೂಪರ್‌ಕಾಂಪ್ಯಾಕ್ಟ್ ಕಾರ್ಡಿನಲ್ (ಇದೆ ಅಂತ ಜೆಡ್‌ಎಫ್‌ಸಿಯಿಂದ ತೋರಿಸಲಾಗದ ಒಂದು ಭಾರಿ ಗಾತ್ರ) ಹಿಡಿದು ಹೊರಡುತ್ತಾರೆ. ನಮ್ಮದಕ್ಕೆ ಜೆಡ್‌ಎಫ್‌ಸಿ ಸರಿಯಿದ್ದರೆ ಸಾಕು. ಎಸ್-ಸ್ಪೇಸ್ ಎಂಬ ವಿಚಿತ್ರ ಸ್ಪೇಸ್‌ಗಳೇ ಇಲ್ಲ ಅಂತ ತೋರಿಸುವಂಥ ಕೆಲಸಕ್ಕೆ ಆ ದೊಡ್ಡದನ್ನು ಇಟ್ಟುಕೊಳ್ಳಿ.

ಈಗ ಸ್ಪೇಸ್‌ಗಳು ‘ಕ’ ಮತ್ತು ‘ಖ’. ಗುಣಲಬ್ಧದಲ್ಲಿ ಒಂದಕ್ಕೊಂದು ತಾಗದ ಆಲೆಫ್-1 ಪೆಟ್ಟಿಗೆಗಳಿವೆ ಅಂದುಕೊಳ್ಳಿ. ಪೆಟ್ಟಿಗೆ ಅಂದರೆ ‘ಕ’ದ ಒಂದು ಮತ್ತು ‘ಖ’ದ ಒಂದು ಖಾಲಿಯಲ್ಲದ ತೆರೆದ ಗಣದ ಗುಣಲಬ್ಧ. ಪೆಟ್ಟಿಗೆಗಳಿಗೆ ಒಮೇಗಾ-1ರಿಂದ (ಆಲೆಫ್-1 ನಂಬರುಗಳ ಸಾಲು, ಪ್ರತಿ ನಂಬರಿನ ಹಿಂದೆಯೂ ಎಣಿಸಬಹುದಾದಷ್ಟೇ ನಂಬರುಗಳು) ನಂಬರ್ ಕೊಡಿ. ಪ್ರತಿ ಪೆಟ್ಟಿಗೆಯ ‘ಕ’ ಬದಿಯನ್ನು ತುಂಡು ಅನ್ನೋಣ. ಪರಸ್ಪರ ತಾಗುವ ಎಣಿಸಲಾಗದಷ್ಟು ತುಂಡುಗಳು ನಮಗೆ ಬೇಕು.

ಎಲ್ಲರೂ ಎಡವುವುದು ಇಲ್ಲೇ. ‘ಕ’ದ ಖಾಲಿಯಲ್ಲದ ಎಲ್ಲ ತೆರೆದ ಗಣಗಳೂ ಪೋಸೆಟ್, ಚಿಕ್ಕದಾದಷ್ಟೂ ಬಲ ಜಾಸ್ತಿ ಅನ್ನುತ್ತಾರೆ. ಪ್ರತಿ ನಂಬರಿಗೂ, ಅದಕ್ಕಿಂತ ಮುಂದಿನ ಯಾವುದಾದರೂ ತುಂಡಿನೊಳಗೆ ಕೂರುವ ಗಣಗಳನ್ನು ತೆಗೆದುಕೊಂಡು ‘ಇವು ಡೆನ್ಸ್ ಎಂಬುದು ಸ್ಪಷ್ಟ’ ಅಂತ ಬರೆಯುತ್ತಾರೆ. ಸ್ಪಷ್ಟವಲ್ಲ, ಸುಳ್ಳು. ‘ಕ’ ಅಂದರೆ ನೈಜ ರೇಖೆ ಅಂದುಕೊಳ್ಳಿ. ಮೊದಲ ತುಂಡು 5 ಮತ್ತು 6ರ ನಡುವೆ ಇದೆ, ಉಳಿದದ್ದೆಲ್ಲ 0 ಮತ್ತು 1ರ ನಡುವೆ. ಮೊದಲ ತುಂಡನ್ನು ಎಷ್ಟೇ ಕುಗ್ಗಿಸಿದರೂ ಅದು ಮುಂದಿನ ಯಾವ ತುಂಡಿನೊಳಗೂ ಹೋಗುವುದಿಲ್ಲ, ಅಲ್ವಾ?

ಅದಕ್ಕೆ ಬಾಲ ಹಿಡಿಯಬೇಕು. ಒಂದು ನಂಬರಿನ ಬಾಲ ಅಂದರೆ ಅದರ ನಂತರದ ತುಂಡುಗಳನ್ನೆಲ್ಲ ಸೇರಿಸಿದ ಗಣ. ಮುಂದೆ ಹೋದಂತೆ ಬಾಲ ಕುಗ್ಗಬಹುದು. ಆದರೆ ಬಾಲದ ಕ್ಲೋಷರ್ (ಬಾಲಕ್ಕೆ ಅದರ ಅಂಚಿನ ಬಿಂದುಗಳನ್ನೂ ಸೇರಿಸಿದ್ದು) ಒಂದು ಹಂತದಲ್ಲಿ ಕುಗ್ಗುವುದನ್ನು ನಿಲ್ಲಿಸಲೇಬೇಕು. ನಿಲ್ಲದಿದ್ದರೆ ಎಣಿಸಲಾಗದಷ್ಟು ಸಲ ಕುಗ್ಗುತ್ತದೆ. ಪ್ರತಿ ಸಲವೂ ಹಳೆಯ ಬಾಲದಿಂದ ಹೊಸ ಬಾಲದ ಕ್ಲೋಷರನ್ನು ಕಳೆಯಿರಿ. ಉಳಿಯುವ ಚೂರು ತೆರೆದದ್ದು, ಖಾಲಿಯಲ್ಲ, ಬೇರೆ ಚೂರುಗಳಿಗೆ ತಾಗುವುದೂ ಇಲ್ಲ. ‘ಕ’ ಸಿಸಿಸಿ, ಹಾಗಾಗಿ ಇದು ಆಗದ ಮಾತು. ಕಳೆಯುವುದು ಕ್ಲೋಷರನ್ನೇ, ನೆನಪಿರಲಿ. ಬರೀ ಬಾಲವನ್ನು ಕಳೆದರೆ ಉಳಿದದ್ದು ತೆರೆದ ಗಣ ಆಗಲೇಬೇಕೆಂದಿಲ್ಲ.

ಕ್ಲೋಷರ್ ನಿಂತ ಆ ಬಾಲದೊಳಗಿನ ಖಾಲಿಯಲ್ಲದ ತೆರೆದ ಗಣಗಳನ್ನು ಮಾತ್ರ ಪೋಸೆಟ್ ಮಾಡಿ. ಮುಂದಿನ ಪ್ರತಿ ಬಾಲವೂ ಆ ಬಾಲದಲ್ಲಿ ಡೆನ್ಸ್, ಅಂದರೆ ಅದರೊಳಗಿನ ಖಾಲಿಯಲ್ಲದ ಪ್ರತಿ ತೆರೆದ ಗಣವನ್ನೂ ತಾಗುತ್ತದೆ. ಆದ್ದರಿಂದ ಯಾವ ಗಣ ಹಿಡಿದರೂ ಅದು ಮುಂದಿನ ಒಂದು ತುಂಡನ್ನು ತಾಗುತ್ತದೆ, ಅವೆರಡರ ಛೇದವೇ ನಿಮಗೆ ಬೇಕಾದ ಚಿಕ್ಕ ಗಣ.

ಉಳಿದದ್ದು ಸುಲಭ. ಈಗ ನಿಜಕ್ಕೂ ಡೆನ್ಸ್ ಆದ ಆ ಆಲೆಫ್-1 ಗಣಗಳನ್ನೆಲ್ಲ ಮುಟ್ಟುವ ಫಿಲ್ಟರನ್ನು ಆಕ್ಸಿಯಮ್ ಕೊಡುತ್ತದೆ. ಫಿಲ್ಟರಿನ ಯಾವುದಾದರೂ ಗಣವನ್ನು ಒಳಗಿಟ್ಟುಕೊಂಡ ತುಂಡುಗಳು ಎಣಿಸಲಾಗದಷ್ಟಿವೆ, ಪರಸ್ಪರ ತಾಗುತ್ತವೆ. ಪೆಟ್ಟಿಗೆಗಳು ಮಾತ್ರ ತಾಗುವುದಿಲ್ಲ. ಹಾಗಾದರೆ ಅವುಗಳ ‘ಖ’ ಬದಿಗಳೇ ಒಂದಕ್ಕೊಂದು ತಾಗದೆ ಇರಬೇಕು. ‘ಖ’ ಸಿಸಿಸಿ ಆದ್ದರಿಂದ ಅದು ಆಗದು. ಮುಗಿಯಿತು.

ಕೊನೆಗೆ ಇದರ ಒಂದು ಫಲ. ಸುಸ್ಲಿನ್ ರೇಖೆ ಇದೆಯೇ ಎಂಬ ಸುಸ್ಲಿನ್ ಪ್ರಶ್ನೆ 1920ರಲ್ಲಿ ಅಚ್ಚಾಯಿತು. ಸುಸ್ಲಿನ್ ರೇಖೆ ಅಂದರೆ ಬಿಂದುಗಳು ಒಂದೇ ಸಾಲಿನಲ್ಲಿರುವ ಸ್ಪೇಸ್; ಅದು ಸಿಸಿಸಿ, ಆದರೆ ಅದರಲ್ಲಿ ಎಣಿಸಬಹುದಾದ ಡೆನ್ಸ್ ಗಣ ಇಲ್ಲ. ಅಂಥ ರೇಖೆ ಇದ್ದರೆ, ಹಿಂದೆ ಆರಿಸಿದ ನಡುಬಿಂದುಗಳನ್ನು ತಪ್ಪಿಸುವ ಹೊಸ ಅಂತರವನ್ನು (ಎರಡು ಬಿಂದುಗಳ ನಡುವಿನ ಭಾಗವನ್ನು) ಆಲೆಫ್-1 ಸಲ ಆರಿಸಿ. ಪ್ರತಿ ಸಲವೂ ಅದರ ನಡುವೆ ಒಂದು ಬಿಂದು ಇಡಿ. ಎಡಭಾಗವನ್ನು ಬಲಭಾಗದಿಂದ ಗುಣಿಸಿ. ಈ ಪೆಟ್ಟಿಗೆಗಳು ಒಂದಕ್ಕೊಂದು ತಾಗುವುದಿಲ್ಲ, ಹಾಗಾಗಿ ರೇಖೆಯನ್ನು ಅದರಿಂದಲೇ ಗುಣಿಸಿದ ವರ್ಗ ಸಿಸಿಸಿ ಅಲ್ಲ. ಮೇಲಿನ ಪುಟ ಅದನ್ನು ಒಪ್ಪುವುದಿಲ್ಲ. ಅಂದರೆ ಆಲೆಫ್-1 ರೂಪ ಇದ್ದಲ್ಲಿ ಸುಸ್ಲಿನ್ ರೇಖೆ ಇಲ್ಲ.