ಶನಿವಾರ ಪರಿಷೆ, ಭಾನುವಾರ ಊಟ: ಕಡ್ಲೆಕಾಯಿ ಪರಿಷೆ ವೀಕೆಂಡ್ ಹೀಗೆ ಮಾಡಿ ನೋಡಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡ್ಲೆಕಾಯಿ ಪರಿಷೆ. ತಾರೀಖು ವರ್ಷವರ್ಷವೂ ಬದಲಾಗುತ್ತದೆ, ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಬರುತ್ತದೆ, ಪಂಚಾಂಗ ನೋಡಿಕೊಳ್ಳಿ. ಆದರೆ ಮಕ್ಕಳನ್ನು ಕರ್ಕೊಂಡು ಆ ಸೋಮವಾರ ಮಾತ್ರ ಹೋಗಬೇಡಿ. ಅವತ್ತು ಬುಲ್ ಟೆಂಪಲ್ ರಸ್ತೆಯಲ್ಲಿ ನಾವು ನಡೆಯುವುದಿಲ್ಲ, ಜನರೇ ನಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ. ಹಿಂದಿನ ಶನಿವಾರವೇ ಅಂಗಡಿಗಳು ಬಂದು ಕೂತಿರುತ್ತವೆ, ಕಾಯಿಯೂ ಆಗಷ್ಟೇ ಇಳಿದಿರುತ್ತದೆ.

ನಾನು ಮೊದಲು ಮಾಡುತ್ತಿದ್ದ ತಪ್ಪು ಇದು: ಪರಿಷೆ, ಸ್ನೇಹಿತರ ಊಟ ಎರಡೂ ಒಂದೇ ದಿನ. ಸಂಜೆ ಏಳಕ್ಕೆ ಮನೆಗೆ ಬಂದು, ಕಾಲಿನ ಧೂಳೂ ತೊಳೆಯದೆ ಕುಕ್ಕರ್ ಇಡುವುದು, ಅಷ್ಟರಲ್ಲಿ ಬಾಗಿಲ ಬೆಲ್. ಈಗ ಶನಿವಾರ ಸಂಜೆ ಪರಿಷೆ, ಭಾನುವಾರ ರಾತ್ರಿ ಊಟ, ಮತ್ತು ಊಟದ ಅರ್ಧ ಸಾಮಾನು ಪರಿಷೆಯಿಂದಲೇ ಬರಬೇಕು. ಇಷ್ಟು ನಿಯಮ ಇಟ್ಕೊಂಡ ಮೇಲೆ ಜೀವ ಹಗುರಾಗಿದೆ.

ಕಾರು ತರಬೇಡಿ. ರಸ್ತೆ ಮುಚ್ಚಿರುತ್ತಾರೆ, ಪಾರ್ಕಿಂಗ್ ಹುಡುಕುವುದರಲ್ಲೇ ಜಗಳ ಆಗುತ್ತದೆ. ಹಸಿರು ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಗಾಂಧಿ ಬಜಾರ್ ಕಡೆಯಿಂದ ನಡೆದು ಬನ್ನಿ. ನಾಲ್ಕು ಗಂಟೆಗೆ ಹೊರಟರೆ ಬೆಳಕಿರುವಾಗಲೇ ಕಾಯಿ ಆರಿಸಬಹುದು, ಕತ್ತಲಾದ ಮೇಲೆ ದೀಪಗಳನ್ನೂ ನೋಡಬಹುದು. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಬಟ್ಟೆ ಚೀಲ ಎರಡಾದರೂ ಇರಲಿ.

ಮೊದಲು ದೇವಸ್ಥಾನ ಮುಗಿಸಿ, ಆಮೇಲೆ ಅಂಗಡಿ, ಇಲ್ಲದಿದ್ದರೆ ಚೀಲ ಹೊತ್ತುಕೊಂಡು ಕ್ಯೂನಲ್ಲಿ ನಿಲ್ಲಬೇಕಾಗುತ್ತದೆ. ಕ್ಯೂನಲ್ಲಿ ಮಕ್ಕಳಿಗೆ ಕಥೆ ಹೇಳಿ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ರೈತರ ಕಡಲೆಕಾಯಿ ಹೊಲಕ್ಕೆ ಹುಣ್ಣಿಮೆ ರಾತ್ರಿ ಒಂದು ಬಸವ ನುಗ್ಗಿ ಮೇಯುತ್ತಿತ್ತಂತೆ. ಅದನ್ನು ಅಟ್ಟಿಸಿಕೊಂಡು ಬಂದರೆ ಗುಡ್ಡದ ಮೇಲೆ ಅದು ಕಲ್ಲಾಗಿ ಕೂತಿತ್ತು. ತಪ್ಪಾಯ್ತು ಅಂತ ಆ ವರ್ಷದಿಂದ ಮೊದಲ ಬೆಳೆ ಬಸವನಿಗೆ. ಕಲ್ಲಾದ ಮೇಲೂ ಅದು ಬೆಳೆಯುತ್ತಲೇ ಇತ್ತು, ತಲೆ ಮೇಲೆ ತ್ರಿಶೂಲ ಇಟ್ಟ ಮೇಲೆ ನಿಂತಿತು ಅಂತಲೂ ಹೇಳುತ್ತಾರೆ. ಒಳಗೆ ಹೋದಾಗ ಸುಮಾರು 15 ಅಡಿ ಎತ್ತರದ ಏಕಶಿಲೆ ನೋಡಿ ನಮ್ಮ ಮಗಳು "ಇನ್ನೂ ಸ್ವಲ್ಪ ಬೆಳೀತಿದೆ ಅಲ್ವಾ?" ಅಂದಳು. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಇಲ್ಲಿಗೆ ಆಮೇಲೆ ಬಂದದ್ದು ಅನ್ನುವುದನ್ನು ನಾನು ಅವತ್ತು ಹೇಳಲಿಲ್ಲ. ಕಥೆಗೆ ಯಾಕೆ ಕಲ್ಲು ಹಾಕೋದು.

ಈಗ ಕಾಯಿ. ಮೊದಲ ಅಂಗಡಿಯಲ್ಲೇ ಕೊಳ್ಳಬೇಡಿ, ಒಂದು ಸುತ್ತು ಹಾಕಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಒಣಗಿದೆ, ಹುರಿಯೋಕೆ ಸರಿ. ಸದ್ದಿಲ್ಲದೆ ಭಾರವಾಗಿದ್ದರೆ ಹಸಿ, ಬೇಯಿಸೋಕೆ ಅದೇ ಬೇಕು. ಒಂದನ್ನು ಒಡೆದು ತಿಂದು ನೋಡಿ, ಯಾರೂ ಬೈಯುವುದಿಲ್ಲ. ಇಲ್ಲಿ ತಕ್ಕಡಿಗಿಂತ ಸೇರಿನ ಅಳತೆಯದ್ದೇ ಮಜಾ, ಸೇರಿನ ಮೇಲೆ ಗೋಪುರ ನಿಲ್ಲಿಸಿ ಸುರಿಯುತ್ತಾರೆ. ಚೌಕಾಸಿಗಿಂತ ಕೊಸರು ಕೇಳುವುದು ವಾಸಿ. "ಅಜ್ಜಿ, ಮಕ್ಕಳಿಗೆ ಒಂದು ಹಿಡಿ ಹಾಕಿ" ಅಂದರೆ "ತಗೋ ಕಣವ್ವ" ಅಂತ ಎರಡು ಹಿಡಿ ಬೀಳುತ್ತದೆ. ಗಿಡದ ಸಮೇತ ಕಾಯಿ ಎಲ್ಲಾದರೂ ಕಂಡರೆ ಮಕ್ಕಳಿಗೆ ತೋರಿಸಿ: ಹೂವು ಮೇಲೆ ಬಿಡುತ್ತದೆ, ಆಮೇಲೆ ಅದರ ತೊಟ್ಟು ಕೆಳಗೆ ಬಗ್ಗಿ ಮಣ್ಣಿಗೆ ಇಳಿದು ಕಾಯಿ ಕಟ್ಟುತ್ತದೆ.

ಹತ್ತು ಜನರ ಊಟಕ್ಕೆ ಹಸಿ ಕಾಯಿ ಎರಡು ಕಿಲೋ, ಹುರಿದದ್ದು ಒಂದು ಕಿಲೋ ಸಾಕು. ಬೆಂಡು ಬತ್ತಾಸು, ಕಲ್ಯಾಣಸೇವೆ, ಕಡ್ಲೆಪುರಿ ಹೇಗೂ ತಗೊಳ್ಳುತ್ತೀರಿ, ನಾನು ಹೇಳುವುದೇನೂ ಇಲ್ಲ.

ಮನೆಗೆ ಬಂದ ಕೂಡಲೇ ಹಸಿ ಕಾಯಿಯನ್ನು ಪೇಪರ್ ಮೇಲೆ ಹರಡಿ. ಇದನ್ನು ಮಾತ್ರ ಮರೆಯಬೇಡಿ. ಒಂದು ವರ್ಷ ನಾನು ಪ್ಲಾಸ್ಟಿಕ್ ಕವರಿನಲ್ಲೇ ಅಡುಗೆಮನೆ ಮೂಲೆಯಲ್ಲಿ ಬಿಟ್ಟು ಮರೆತೆ. ಎರಡು ದಿನ ಬಿಟ್ಟು ಕೈ ಹಾಕಿದರೆ ಒಳಗೆ ಬೆಚ್ಚಗೆ, ಮುಗ್ಗಲು ವಾಸನೆ, ಬೂದು ಬೂದು ಬೂಷ್ಟು. ಕಡಲೆಕಾಯಿಯ ಬೂಷ್ಟು ವಿಷ, ತೊಳೆದು ತಿನ್ನುವಂಥದ್ದಲ್ಲ, ಅಷ್ಟೂ ಬಿಸಾಡಿದೆ.

ಭಾನುವಾರದ ಊಟಕ್ಕೆ ಕರೆಯುವಾಗಲೇ ಒಂದು ಮಾತು ಕೇಳಿ: ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದೆಯಾ? ಇದ್ದರೆ ಮೆನುವನ್ನೇ ಬದಲಾಯಿಸಿ, "ಸ್ವಲ್ಪ ತಾನೆ" ಅನ್ನಬೇಡಿ. ತೀರಾ ಚಿಕ್ಕ ಮಕ್ಕಳಿದ್ದರೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ಮೆನು ಎಣ್ಣೆಗಾಯಿ, ಕಟಕ್ ರೊಟ್ಟಿ (ಗರಿಗರಿ ಒಣ ಜೋಳದ ರೊಟ್ಟಿ), ಅನ್ನ, ತಿಳಿಸಾರು, ಮೊಸರು, ಕಡ್ಲೆ ಮಿಠಾಯಿ. ರೊಟ್ಟಿ ಅಂಗಡಿಯದ್ದೇ. ಹತ್ತು ಜನಕ್ಕೆ ರೊಟ್ಟಿ ತಟ್ಟುತ್ತಾ ನಿಂತರೆ ಸ್ನೇಹಿತರ ಮುಖ ನೋಡುವುದು ಅವರು ಹೊರಡುವಾಗಲೇ. ಬೆಂಗಳೂರಿನಲ್ಲಿ ಖಾನಾವಳಿ ಕಡೆಯ ರೊಟ್ಟಿ ಬೇಕಾದಷ್ಟು ಸಿಗುತ್ತದೆ, ಮುಂಚೆಯೇ ತಂದಿಡಿ.

ಎಣ್ಣೆಗಾಯಿ ಮಧ್ಯಾಹ್ನವೇ ಮುಗಿಸಿ, ಆರಿ ಕೂತಷ್ಟೂ ರುಚಿ. ಚಿಕ್ಕ ಬದನೆಕಾಯಿ ಒಂದೂಕಾಲು ಕಿಲೋ ಬೇಕು. ತೊಟ್ಟು ಹಾಗೇ ಉಳಿಸಿ ನಾಲ್ಕು ಸೀಳು ಮಾಡಿ ಉಪ್ಪು ನೀರಿಗೆ ಹಾಕಿ. ಹುರಿದು ಸಿಪ್ಪೆ ತೆಗೆದ ಕಡ್ಲೆಬೀಜ ಒಂದೂವರೆ ಕಪ್, ಎಳ್ಳು ಅರ್ಧ ಕಪ್, ಒಣಕೊಬ್ಬರಿ ಅರ್ಧ ಕಪ್, ಧನಿಯಾ ಮೂರು ಚಮಚ, ಜೀರಿಗೆ ಒಂದು ಚಮಚ, ಬ್ಯಾಡಗಿ ಮೆಣಸಿನಕಾಯಿ ಹನ್ನೆರಡು. ಎಲ್ಲವನ್ನೂ ಬೇರೆ ಬೇರೆ ಹುರಿಯಿರಿ, ಎಳ್ಳು ಚಟಪಟ ಅಂದ ತಕ್ಷಣ ಇಳಿಸಿ. ಹುಣಸೆಹಣ್ಣು, ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ನಯವಾಗಿ ರುಬ್ಬಿದರೆ ಅದು ಚಟ್ನಿ ಆಗುತ್ತದೆ ಅಂತ ನಮ್ಮತ್ತೆ ಇವತ್ತಿಗೂ ಮಿಕ್ಸಿ ಪಕ್ಕ ಬಂದು ನಿಲ್ಲುತ್ತಾರೆ. ಮಸಾಲೆ ತುಂಬಿ, ಎಣ್ಣೆ ಧಾರಾಳವಾಗಿ ಹಾಕಿ ಈರುಳ್ಳಿ ಒಗ್ಗರಣೆಯಲ್ಲಿ ಬದನೆಕಾಯಿ ಬಾಡಿಸಿ. ಉಳಿದ ಮಸಾಲೆಗೆ ನೀರು ಬೆರೆಸಿ ಸುರಿದು, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಎಣ್ಣೆ ಮೇಲೆ ತೇಲಿತು ಅಂದರೆ ಆಯಿತು.

ಮಿಠಾಯಿಯನ್ನು ಮಕ್ಕಳ ಎದುರಿಗೆ ಮಾಡಿ, ಆದರೆ ಪಾಕದ ಹತ್ತಿರ ಬಿಡಬೇಡಿ, ಸುಟ್ಟರೆ ಕೆಟ್ಟದಾಗಿ ಸುಡುತ್ತದೆ. ಹುರಿದ ಬೀಜ ಎರಡು ಕಪ್, ಬೆಲ್ಲ ಒಂದೂವರೆ ಕಪ್, ಎರಡು ಚಮಚ ನೀರು. ಬೆಲ್ಲ ಕುದಿಯುವಾಗ ಒಂದು ಹನಿ ತಣ್ಣೀರಿನ ಬಟ್ಟಲಿಗೆ ಬಿಡಿ. ಬೆರಳಲ್ಲಿ ಮೆತ್ತಗೆ ಹಿಗ್ಗಿದರೆ ಇನ್ನೂ ಬೇಕು. ಗಟ್ಟಿ ಉಂಡೆಯಾಗಿ, ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು. ಆ ಟಣ್ ಕೇಳುವ ಕೆಲಸ ಮಕ್ಕಳದು. ಆಮೇಲೆ ಪಾಕಕ್ಕೆ ಬೀಜ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಸುರಿದು ಬಿಸಿ ಇರುವಾಗಲೇ ಗೆರೆ ಹಾಕಿ. ತುಪ್ಪ ಸವರಲು ಮರೆತ ವರ್ಷ ನಮ್ಮ ಸ್ಟೀಲ್ ತಟ್ಟೆಯನ್ನೇ ಎಲ್ಲರೂ ಕೆರೆದು ತಿಂದೆವು.

ಹಸಿ ಕಾಯಿಯನ್ನು ಮಣ್ಣು ಹೋಗುವವರೆಗೆ ಮೂರು ನಾಲ್ಕು ಸಲ ತೊಳೆದು, ಧಾರಾಳವಾಗಿ ಉಪ್ಪು ಹಾಕಿ, ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ. ಒಲೆ ಆರಿಸಿದ ಮೇಲೆ ಅದೇ ನೀರಿನಲ್ಲಿ ಅರ್ಧ ಗಂಟೆ ಬಿಡಿ, ಉಪ್ಪು ಒಳಗಿಳಿಯುವುದು ಆಗಲೇ. ಸ್ನೇಹಿತರು ಬರುವ ಹೊತ್ತಿಗೆ ಹಾಲ್ ಮಧ್ಯೆ ಚಾಪೆ ಹಾಸಿ, ಬಿಸಿ ಕಾಯಿಯನ್ನು ಮೊರಕ್ಕೆ ಸುರಿದು ಇಟ್ಟುಬಿಡಿ. ಬೇರೆ ಸ್ಟಾರ್ಟರ್ ಬೇಡ. ಕಾಯಿ ಬಿಡಿಸುವಾಗ ಎರಡೂ ಕೈಗೆ ಕೆಲಸ, ಯಾರೂ ಫೋನ್ ಮುಟ್ಟುವುದಿಲ್ಲ. ಪರಿಚಯ ಇಲ್ಲದವರೂ ಪಕ್ಕಪಕ್ಕ ಕೂತು ಮಾತಿಗೆ ಇಳಿಯುತ್ತಾರೆ, ನೀವು ಅಷ್ಟರಲ್ಲಿ ನಿಧಾನವಾಗಿ ಸಾರು ಬಿಸಿ ಮಾಡಬಹುದು. ತಿಂದು ತಿಂದು ಊಟ ಕಡಿಮೆ ಸೇರುತ್ತದೆ, ಅದಕ್ಕೇ ಅನ್ನ ಜಾಸ್ತಿ ಇಡಬೇಡಿ.

ಸಿಪ್ಪೆಗೆ ಎರಡು ಬಕೆಟ್ ಇಡಿ. ಹುರಿದ ಕಾಯಿಯ ಸಿಪ್ಪೆ ಒಣ ಎಲೆ ಜೊತೆ ಗೊಬ್ಬರದ ಡಬ್ಬಿಗೆ ಹೋಗಲಿ. ಬೇಯಿಸಿದ್ದರ ಸಿಪ್ಪೆಯಲ್ಲಿ ಉಪ್ಪಿರುತ್ತದೆ, ಅದನ್ನು ಗಿಡದ ಬುಡಕ್ಕೆ ಹಾಕಬೇಡಿ. ನಮ್ಮ ಕರಿಬೇವಿನ ಗಿಡ ಹೋದದ್ದು ಹಾಗೇನೇ.