65ಕ್ಕೆ 40 ಕೂಡಿಸಿದರೆ 105 ಆಗದ ಲೆಕ್ಕ

ಅಪಘಾತದ ಕೇಸುಗಳಿಗೆ ತಾಂತ್ರಿಕ ವರದಿ ಬರೆದುಕೊಡುವುದು ನನ್ನ ಕೆಲಸ. ಒಮ್ಮೆ ವಿಮಾ ಕಂಪನಿಯವರು ಕರೆಯುತ್ತಾರೆ, ಒಮ್ಮೆ ಗಾಯಾಳು ಕಡೆಯವರು. ಈ ಕೇಸಿನಲ್ಲಿ ಕರೆದದ್ದು ಗಾಯಾಳುವಿನ ವಕೀಲರು. ತುಮಕೂರು–ಶಿರಾ ನಡುವೆ ರಾತ್ರಿ ಹೊತ್ತು ಹೆದ್ದಾರಿಯ ಮೇಲೇ ನಿಲ್ಲಿಸಿದ್ದ ಲಾರಿಗೆ ಹಿಂದಿನಿಂದ ಕಾರು ಗುದ್ದಿ, ಕಾರಿನ ಚಾಲಕನ ತೊಡೆಮೂಳೆ ಮುರಿದಿತ್ತು. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರಕ್ಕೆ ಅರ್ಜಿ ಹಾಕಿದ್ದರು. ಲಾರಿಯ ವಿಮೆಯವರ ತಕರಾರು: ಲಾರಿಯ ಟೇಲ್ ಲೈಟ್ ಉರಿಯುತ್ತಿತ್ತು, ಕಾರು 105 ಕಿ.ಮೀ. ವೇಗದಲ್ಲಿ ಬಂತು, ಚಾಲಕ ಬೆಲ್ಟ್ ಹಾಕಿರಲಿಲ್ಲ. ಹಾಗಾಗಿ ತಪ್ಪಿನಲ್ಲಿ ಅವನದೂ ಪಾಲಿದೆ, ಪರಿಹಾರ ಕಡಿತ ಮಾಡಿ.

ಈ 105 ಎಲ್ಲಿಂದ ಬಂತು ಅಂತ ಹುಡುಕಿದೆ. ಕಾರು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೇದು. ಟೈರು ಲಾಕ್ ಆಗಿ ಎಳೆದ ಗುರುತು 24 ಮೀಟರ್ ಅಂತ ಸ್ಪಾಟ್ ಮಹಜರಿನಲ್ಲಿತ್ತು. ಒಣ ಡಾಂಬರಿಗೆ ಘರ್ಷಣಾ ಗುಣಾಂಕ, ಅಂದರೆ ಟೈರಿಗೆ ರಸ್ತೆಯ ಹಿಡಿತ ಎಷ್ಟು ಅನ್ನುವ ಅಂಕಿ, 0.7 ಹಿಡಿದರೆ, ಆ 24 ಮೀಟರಿನಲ್ಲಿ ಕಳೆದುಹೋದ ಶಕ್ತಿ 65 ಕಿ.ಮೀ. ವೇಗಕ್ಕೆ ಸಮ. ಬಾನೆಟ್ ಎಷ್ಟು ಒಳಗೆ ಹೋಗಿದೆ ಅಂತ ಅಳೆದು, ಗುದ್ದಿದ ಕ್ಷಣದ ವೇಗ 40 ಅಂತ ಅವರ ತಜ್ಞರು ಹಾಕಿದ್ದರು. ಅದರಲ್ಲಿ ನನ್ನ ತಕರಾರಿಲ್ಲ. ಆಮೇಲೆ ಎರಡನ್ನೂ ಸೀದಾ ಕೂಡಿಬಿಟ್ಟಿದ್ದಾರೆ! ಕೂಡಬೇಕಾದ್ದು ಶಕ್ತಿಯನ್ನು, ಅಂದರೆ ವೇಗದ ವರ್ಗವನ್ನು. 4225ಕ್ಕೆ 1600 ಸೇರಿಸಿ ವರ್ಗಮೂಲ ತೆಗೆದರೆ ಬರುವುದು 76. ಗುಣಾಂಕವನ್ನು 0.6ಕ್ಕೆ ಇಳಿಸಿ 0.8ಕ್ಕೆ ಏರಿಸಿ ನೋಡಿದರೂ 72ರಿಂದ 81ರೊಳಗೇ ಬಂತು. ಪಿಯುಸಿ ಭೌತಶಾಸ್ತ್ರ ಇದು, ಆದರೂ ಈ ಕೂಡುಲೆಕ್ಕ ಫೈಲುಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಲಾರಿ ಇನ್ನೂ ಠಾಣೆ ಆವರಣದಲ್ಲೇ ಇದ್ದದ್ದು ಪುಣ್ಯ. ಅನುಮತಿ ಪಡೆದು, ಪಂಚರ ಎದುರೇ ಟೇಲ್ ಲೈಟಿನ ಒಡೆದ ಬಲ್ಬ್ ಬಿಚ್ಚಿಸಿ ಭೂತಗನ್ನಡಿಯಲ್ಲಿ ನೋಡಿದೆ. ಉರಿಯುತ್ತಿರುವಾಗ ಗಾಜು ಒಡೆದರೆ ಕಾದ ಟಂಗ್‌ಸ್ಟನ್‌ಗೆ ಗಾಳಿ ತಾಗಿ ಫಿಲಮೆಂಟ್ ಕಪ್ಪಾಗುತ್ತದೆ, ಹಳದಿ-ಬಿಳಿ ಪುಡಿ ಕೂರುತ್ತದೆ, ಸುರುಳಿ ಜಗ್ಗಿ ಉದ್ದವಾಗುತ್ತದೆ. ಇಲ್ಲಿ ಸುರುಳಿ ಬಿಗಿಯಾಗೇ ಇತ್ತು, ಬಣ್ಣ ಕೆಟ್ಟಿರಲಿಲ್ಲ, ತುಂಡಾದ ತುದಿ ಹೊಳೆಯುತ್ತಿತ್ತು. ಗುದ್ದಿದಾಗ ಆ ಬಲ್ಬ್ ಆರಿತ್ತು. ಎಲ್‌ಇಡಿ ಲೈಟಾಗಿದ್ದರೆ ಅದರಲ್ಲಿ ಫಿಲಮೆಂಟೇ ಇಲ್ಲ, ಈ ದಾರಿಯೇ ಇರುತ್ತಿರಲಿಲ್ಲ.

ಬೆಲ್ಟಿನ ವಿಷಯ ಬೇಗ ಮುಗಿಯಿತು. ಭುಜದ ಮೇಲಿನ ಕೊಂಡಿಯ ಪ್ಲಾಸ್ಟಿಕ್ ಉಜ್ಜಿ ಕರಗಿ ಬೆಲ್ಟಿನ ಪಟ್ಟಿಗೆ ಮೆತ್ತಿಕೊಂಡಿತ್ತು. ಮೈಭಾರ ಬೀಳದೆ ಹಾಗಾಗುವುದಿಲ್ಲ. ಗಾಯದ ಸರ್ಟಿಫಿಕೇಟಿನಲ್ಲೂ ಎದೆಗೆ ಅಡ್ಡಲಾಗಿ ಓರೆ ಕಂದಿದ ಗುರುತು ಅಂತ ಬರೆದಿತ್ತು.

ಪಾಟೀಸವಾಲಿನಲ್ಲಿ ವಿಮೆಯವರ ವಕೀಲರು ಕೇಳಿದರು: "ಬೆಲ್ಟ್ ಇದ್ದ ಮೇಲೆ ತೊಡೆ ಹೇಗೆ ಮುರೀತು?" ಚಾಲಕನ ಕಡೆ ಡ್ಯಾಶ್‌ಬೋರ್ಡ್ ಎಡಗಡೆಗಿಂತ 14 ಸೆಂ.ಮೀ. ಒಳಗೆ ನುಗ್ಗಿದ್ದ ಅಳತೆ ವರದಿಯಲ್ಲೇ ಇತ್ತು. ಬೆಲ್ಟ್ ಅವನನ್ನು ಸೀಟಿನಲ್ಲಿ ಹಿಡಿದಿತ್ತು, ಡ್ಯಾಶ್‌ಬೋರ್ಡೇ ಅವನ ಮೊಣಕಾಲಿಗೆ ಬಂದು ಬಡಿದಿತ್ತು ಅಂದೆ. ತಪ್ಪು ಯಾರದು ಎಷ್ಟು ಶೇಕಡಾ ಅಂತಲೂ ಕೇಳಿದರು. ಅದನ್ನು ನಿರ್ಧರಿಸಬೇಕಾದ್ದು ಪರಿಹಾರದ ಅರ್ಜಿ ವಿಚಾರಿಸುವ ಟ್ರಿಬ್ಯುನಲ್ ಅಂತ ಹೇಳಿ ಕಟಕಟೆಯಿಂದ ಇಳಿದೆ.